ಹೊಸ ಯಂತ್ರ ಕಂಡಾಗ ವರ್ತಕರ ಹೊಣೆ

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಹೋಗಿಬರುವ ರೈತರ ಹಾಗೂ ವರ್ತಕರ ಸಂಖ್ಯೆ ಸಣ್ಣದಲ್ಲ. ಬೀಜ, ಗೊಬ್ಬರ, ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಕಂಪನಿಗಳ ದೊಡ್ಡ ಮಳಿಗೆಗಳು ಅಲ್ಲಿ ಸಾಲುಗಟ್ಟಿರುತ್ತವೆ. ಆದರೂ ಜನ ಮುಗಿಬೀಳುವುದು ಯಾರೋ ಒಬ್ಬ ತನ್ನ ಕೈಯಾರೆ ಮಾಡಿ ತಂದಿರುವ, ಹಿಂದೆ ಕಂಡು ಕೇಳರಿಯದ ಯಂತ್ರದ ಮುಂದೆ. ಹಳೆಯ ಸೈಕಲ್ಲಿನ ಗಾಲಿ, ಸ್ಕೂಟರಿನ ಎಂಜಿನ್, ಪೈಪಿನ ತುಂಡುಗಳಿಂದ ಕೂಡಿದ ಅಂಥ ಯಂತ್ರ ಚಾಲೂ ಆದೊಡನೆ ಮೊದಲು ನಗೆ ಹೊರಡುತ್ತದೆ. ಅದು ಕೆಲಸ ಮಾಡಿ ತೋರಿಸಿದಾಗ ಚಪ್ಪಾಳೆ ಬೀಳುತ್ತದೆ. ಹತ್ತಾರು ಮೊಬೈಲುಗಳು ಚಿತ್ರ ತೆಗೆಯುತ್ತವೆ. ಬೆಲೆ ವಿಚಾರಿಸಿದವರು ‘ನೋಡೋಣ’ ಎಂದು ಮುಂದಿನ ಮಳಿಗೆಗೆ ನಡೆಯುತ್ತಾರೆ. ಮೇಳ ಮುಗಿದ ಮೇಲೆ ಆತ ಯಂತ್ರವನ್ನು ಮತ್ತೆ ಟ್ರೇಲರಿಗೆ ಏರಿಸಿ ಊರಿಗೆ ಮರಳುತ್ತಾನೆ.

ಈ ನೋಟದಲ್ಲಿ ತಪ್ಪು ಯಾರದೂ ಅಲ್ಲವೆಂದು ತೋರಬಹುದು. ಆದರೆ ನಗುವವನಿಗೂ ಚಪ್ಪಾಳೆ ತಟ್ಟುವವನಿಗೂ ಖರ್ಚಿಲ್ಲ. ಖರ್ಚೆಲ್ಲ ಯಂತ್ರ ತಂದವನದು. ಹೊಸತನ್ನು ರೂಪಿಸಿದವನಿಗೆ ನೋಡುಗರಿಂದ ನಿಜವಾಗಿ ಬೇಕಾದವು ಎರಡು: ಯಂತ್ರದ ಬಲ ಮತ್ತು ದೋಷವನ್ನು ಹೊರಗೆಡಹುವ ಪ್ರಶ್ನೆ, ಹಾಗೂ ಒಂದು ಹಂಗಾಮಿನ ಮಟ್ಟಿಗಾದರೂ ಪ್ರಯೋಗಕ್ಕೆ ಪಡೆಯುವ ಬೇಡಿಕೆ. ಇವೆರಡನ್ನೂ ಕೊಡಬಲ್ಲ ಅನುಭವ ವರ್ತಕ ಸಮುದಾಯಕ್ಕಿದೆ. ಸರಕನ್ನು ಕೈಯಲ್ಲಿ ಹಿಡಿದೊಡನೆ ಅದರ ಗುಣವನ್ನು ಅಳೆಯುವುದು ಅದರ ನಿತ್ಯದ ಕಸುಬು. ಹೊಸ ಯಂತ್ರದ ಮುಂದೆ ನಿಂತಾಗ ಮಾತ್ರ ವರ್ತಕನೂ ಜಾತ್ರೆಯ ನೋಡುಗನಾಗಿಬಿಡುವುದು ವಿಷಾದಕರ ಸಂಗತಿಯಾಗಿದೆ.

ಅಣ್ಣಿಗೇರಿಯ ನಿದರ್ಶನ

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ಪ್ರತ್ಯೇಕವಾಗುವವರೆಗೆ ಹಾನಗಲ್ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿಯೇ ಅಣ್ಣಿಗೇರಿ ಇದೆ. ಅಲ್ಲಿನ ಅಬ್ದುಲ್ ಖಾದರ್ ನಡಕಟ್ಟಿನ ಅವರ ಮೊದಲ ಉಪಕರಣವೇ ನಗೆ ತರಿಸುವಂಥದ್ದು. ಬೆಳಗಿನ ಜಾವ ಏಳಲಾಗದ ತರುಣ, ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಾಗ ನೀರಿನ ಬಾಟಲಿ ತನ್ನ ಮುಖದ ಮೇಲೆಯೇ ಬಾಗುವಂತೆ ಮಾಡಿಕೊಂಡಿದ್ದರು. ಮುಂದೆ ಒಣಭೂಮಿಯಲ್ಲಿ ಹುಣಸೆ ತೋಪು ಬೆಳೆಸಲು ಹೊರಟಾಗ ಜನ ಅವರಿಗೆ ಇಟ್ಟ ಹೆಸರು ‘ಹುಣಸೆ ಹುಚ್ಚ’. ಆ ‘ಹುಚ್ಚಿ’ನಿಂದಲೇ ಹುಣಸೆ ಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ ಹುಟ್ಟಿತು. ಅನಂತರ ಟ್ರ್ಯಾಕ್ಟರಿಗೆ ಜೋಡಿಸುವ ಬೀಜ-ಗೊಬ್ಬರದ ಕೂರಿಗೆ, ಕಬ್ಬು ನಾಟಿಯ ಯಂತ್ರ, ನೀರು ಕಾಯಿಸುವ ಬಾಯ್ಲರ್ ಮೊದಲಾದವು ಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನ ಸಾಧನೆಯ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ ಅವರಿಗೆ ಸಂದವು.

ಪದ್ಮಶ್ರೀ ಬಂದ ದಿನ ಸನ್ಮಾನ, ಹಾರ, ಶಾಲುಗಳಿಗೆ ಕೊರತೆ ಇರಲಿಲ್ಲ. ಆದರೆ ಹುಣಸೆ ಹುಚ್ಚನೆಂಬ ಹೆಸರಿಗೂ ಆ ಸನ್ಮಾನಕ್ಕೂ ನಡುವೆ ಹಲವು ದಶಕಗಳು ಸಂದಿವೆ. ಆ ದಶಕಗಳೇ ವರ್ತಕ ಸಮುದಾಯ ಯೋಚಿಸಬೇಕಾದ ಅವಧಿ. ಯಂತ್ರ ಬೆಳೆಯಲು ಬಂಡವಾಳ, ಬಿಡಿಭಾಗ, ಮಾರಾಟದ ಜಾಲ ಬೇಕಾಗುವುದು ಆಗಲೇ ಹೊರತು ಪ್ರಶಸ್ತಿಯ ಅನಂತರವಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಈ ನಾಡಿನ ಈ ದೌರ್ಬಲ್ಯವನ್ನೇ ಹೇಳುತ್ತದೆ. ಗ್ರಾಮೀಣ ಆವಿಷ್ಕಾರಗಳನ್ನು ದಾಖಲಿಸುವ ‘ಹನಿ ಬೀ’ ಪತ್ರಿಕೆಯ ಕನ್ನಡ ಆವೃತ್ತಿಗೆ ‘ಹಿತ್ತಲಗಿಡ’ ಎಂದೇ ಹೆಸರಿಟ್ಟದ್ದು ಅರ್ಥಪೂರ್ಣವಾಗಿದೆ.

ಬೆರಗು ಸಾಲದು

ನಗೆ ತಪ್ಪೆಂದಾದರೆ ಬೆರಗು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಬೆರಗು ಕೂಡ ಪರೀಕ್ಷೆಯ ಸ್ಥಾನದಲ್ಲಿ ನಿಲ್ಲಲಾರದು. ಇಂಗ್ಲೆಂಡಿನಲ್ಲಿ ಕ್ಷೌರಿಕ ವೃತ್ತಿಯಲ್ಲಿದ್ದ ಮಾರಿಸ್ ವಾರ್ಡ್ ಎಂಬುವರು ‘ಸ್ಟಾರ್‌ಲೈಟ್’ ಎಂಬ ಶಾಖನಿರೋಧಕ ವಸ್ತುವೊಂದನ್ನು ರೂಪಿಸಿದ್ದರು. 1990ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಅದನ್ನು ಬಳಿದ ಮೊಟ್ಟೆಗೆ ಬೆಂಕಿಯ ಜ್ವಾಲೆ ಹಿಡಿಯಲಾಯಿತು. ಒಡೆದು ನೋಡಿದಾಗ ಒಳಗಿನ ಮೊಟ್ಟೆ ಬೆಂದಿರಲಿಲ್ಲ. ನೋಡಿದವರೆಲ್ಲ ಬೆರಗಾದರು, ದೊಡ್ಡ ದೊಡ್ಡ ಸಂಸ್ಥೆಗಳು ಆಸಕ್ತಿ ತೋರಿದವು. ಆದರೆ ತನ್ನ ಗುಟ್ಟು ಕೈತಪ್ಪೀತೆಂಬ ಭಯ ವಾರ್ಡ್ ಅವರಿಗೆ, ಒಳಗೇನಿದೆಯೆಂದು ತಿಳಿಯದೆ ಹಣ ಹೂಡುವುದು ಹೇಗೆಂಬ ಶಂಕೆ ಕೊಳ್ಳುವವರಿಗೆ. ವ್ಯವಹಾರ ಕುದುರಲೇ ಇಲ್ಲ. 2011ರಲ್ಲಿ ವಾರ್ಡ್ ತೀರಿಕೊಂಡಾಗಲೂ ಆ ವಸ್ತು ಮಾರುಕಟ್ಟೆಗೆ ಬಂದಿರಲಿಲ್ಲ. ಇಬ್ಬರ ಹಿತವನ್ನೂ ಕಾಯುವ ಒಂದು ಕರಾರುಪತ್ರ ಮಾಡಬಹುದಾಗಿದ್ದ ಕೆಲಸವನ್ನು ಲಕ್ಷಾಂತರ ಜನರ ಬೆರಗು ಮಾಡಲಾಗಲಿಲ್ಲ.

ಪ್ರಶ್ನೆಯನ್ನು ತಡವಾಗಿ ಕೇಳಿದರೆ ಆಗುವ ನಷ್ಟಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ಅಡಿಕೆಯ ಹಾಳೆಯಿಂದ ಊಟದ ತಟ್ಟೆ ಮಾಡಬಹುದೆಂದು ತೋರಿಸಿದಾಗ ಅದೂ ಒಂದು ವಿನೋದವೇ ಆಗಿತ್ತು. ಕ್ರಮೇಣ ಅದು ಪರಿಸರಸ್ನೇಹಿ ಎಂಬ ಹೊಗಳಿಕೆ ಪಡೆದು, ಕರಾವಳಿ ಮತ್ತು ಮಲೆನಾಡಿನ ಸಣ್ಣ ಘಟಕಗಳಿಂದ ವಿದೇಶಗಳಿಗೂ ಹೋಯಿತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು, ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂದು ಹೇಳಿ ಈ ತಟ್ಟೆಗಳಿಗೆ ತಡೆಯೊಡ್ಡಿತು. ಆ ತೀರ್ಮಾನವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಬಿಸಿ ಸಾರು ಹಾಕಿದಾಗ ತಟ್ಟೆಯಿಂದ ಏನು ಇಳಿಯುತ್ತದೆ ಎಂಬ ಸರಳ ಪ್ರಶ್ನೆಗೆ ಎಲ್ಲರೂ ಒಪ್ಪುವಂಥ ಪ್ರಯೋಗಾಲಯದ ಉತ್ತರವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡಿದ್ದರೆ ರಫ್ತುದಾರರ ವಾದಕ್ಕೆ ಬಲವಿರುತ್ತಿತ್ತು. ಹಾನಗಲ್ ಭಾಗದಲ್ಲಿಯೂ ಅಡಿಕೆ ತೋಟಗಳಿರುವುದರಿಂದ ಈ ಪಾಠ ಇಲ್ಲಿಗೂ ಸಲ್ಲುತ್ತದೆ.

ಕೆಲಸಕ್ಕೆ ಬರುವ ಪ್ರತಿಕ್ರಿಯೆ

ಹಾಗಾದರೆ ಯೋಗ್ಯ ಪ್ರತಿಕ್ರಿಯೆ ಯಾವುದು? ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರವನ್ನು ಏರುವ ಮೋಟಾರು ಯಂತ್ರವನ್ನು ರೂಪಿಸಿದರು. 2019ರಲ್ಲಿ ಅದರ ದೃಶ್ಯ ದೇಶದ ತುಂಬ ಹರಿದಾಡಿತು. ಬೈಕಿನಂಥ ಆಸನದಲ್ಲಿ ಕುಳಿತು ಮರ ಏರುವುದನ್ನು ಕಂಡು ಕೋಟಿಗಟ್ಟಲೆ ಜನ ನಕ್ಕಿರಬಹುದು, ಮೆಚ್ಚಿರಬಹುದು. ಉದ್ಯಮಿ ಆನಂದ್ ಮಹೀಂದ್ರಾ ಅವರ ಪ್ರತಿಕ್ರಿಯೆ ಮಾತ್ರ ವ್ಯಾಪಾರಿಯದಾಗಿತ್ತು: ಇದನ್ನು ಪರಿಶೀಲಿಸಿ ಕಂಪನಿಯ ಕೃಷಿ ಉಪಕರಣಗಳ ಸಾಲಿಗೆ ಸೇರಿಸಲಾದೀತೇ ಎಂದು ಅವರು ತಮ್ಮವರನ್ನು ಬಹಿರಂಗವಾಗಿಯೇ ಕೇಳಿದರು.

ಮಹಾರಾಷ್ಟ್ರದ ಮಾಲೇಗಾಂವ ಭಾಗದ ಕಮಲೇಶ್ ಘುಮರೆ ಅವರದು ಇನ್ನೊಂದು ಉದಾಹರಣೆ. ಔಷಧ ಸಿಂಪಡಿಸುವ ಪಂಪನ್ನು ಬೆನ್ನಿಗೆ ಹೊರುವ ಕಷ್ಟ ತಪ್ಪಿಸಲು ಅವರು ಸೈಕಲ್ ಮಾದರಿಯ ತಳ್ಳುಗಾಡಿ ಮಾಡಿದ್ದರು. ‘ಶಾರ್ಕ್ ಟ್ಯಾಂಕ್ ಇಂಡಿಯಾ’ ಕಾರ್ಯಕ್ರಮದ 2021-22ರ ಮೊದಲ ಆವೃತ್ತಿಯಲ್ಲಿ ಹೂಡಿಕೆದಾರರೆಲ್ಲ ಅವರನ್ನು ಮನಸಾರೆ ಹೊಗಳಿದರು. ಆದರೆ ಹೊಗಳಿದವರಲ್ಲಿ ಒಬ್ಬರು, ಪೀಯೂಷ್ ಬನ್ಸಲ್, ಮಾತ್ರ ಶೇ. 40ರ ಪಾಲಿಗೆ 10 ಲಕ್ಷ ರೂಪಾಯಿ ಹಾಗೂ ಬಡ್ಡಿಯಿಲ್ಲದ 20 ಲಕ್ಷ ರೂಪಾಯಿ ಸಾಲದ ಮಾತು ಕೊಟ್ಟರು. ಶೇ. 40 ದೊಡ್ಡ ಪಾಲೆಂದು ಟೀಕಿಸುವವರಿದ್ದಾರೆ. ಆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಮೆಚ್ಚುಗೆಗೂ ವ್ಯವಹಾರಕ್ಕೂ ಇರುವ ಅಂತರವನ್ನು ಆ ಪ್ರಸಂಗ ಸ್ಪಷ್ಟಪಡಿಸಿತು.

ತೋರಿಸುವ ಮುನ್ನ

ಪ್ರದರ್ಶನದಲ್ಲಿ ಇನ್ನೊಂದು ಅಪಾಯ ಅಡಗಿದೆ. ನೋಡುಗರ ಗುಂಪಿನಲ್ಲಿ ನಗುವವರು, ಮೆಚ್ಚುವವರಲ್ಲದೆ ಕಣ್ಣಿನಲ್ಲೇ ಅಳತೆ ತೆಗೆದುಕೊಂಡು ಹೋಗುವವರೂ ಇರುತ್ತಾರೆ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ, ಅರ್ಜಿ ಸಲ್ಲಿಸುವ ಮುನ್ನವೇ ಸಾರ್ವಜನಿಕವಾಗಿ ತೋರಿಸಿದ ವಸ್ತು ಸಾಮಾನ್ಯವಾಗಿ ‘ಹೊಸತು’ ಎಂಬ ಅರ್ಹತೆಯನ್ನು ಕಳೆದುಕೊಳ್ಳುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ ವಿನಾಯಿತಿಯಿದ್ದು, ಅಲ್ಲಿಯೂ 12 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಊರ ಜಾತ್ರೆಯಲ್ಲಿಯೋ ಮೊಬೈಲ್ ವಿಡಿಯೊದಲ್ಲಿಯೋ ತೋರಿಸಿದ್ದಕ್ಕೆ ಈ ರಕ್ಷಣೆ ದೊರೆಯದು.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಲು ಕಾಯ್ದೆಯಲ್ಲಿ ಅವಕಾಶವಿದೆ. ವ್ಯಕ್ತಿಗಳು ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ಮೂಲ ಶುಲ್ಕ 1,600 ರೂಪಾಯಿ. ಬೇಸಾಯದ ವಿಧಾನಕ್ಕೆ ಪೇಟೆಂಟ್ ಸಿಗದಿದ್ದರೂ ಬೇಸಾಯದ ಉಪಕರಣಕ್ಕೆ ಸಿಗಬಲ್ಲದು. ಯಂತ್ರದ ಹೊರರೂಪವಷ್ಟೇ ಹೊಸತಾಗಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ 10 ವರ್ಷಗಳಿಗೆ ನೋಂದಣಿ ಮಾಡಿಸಿ, ಮತ್ತೆ 5 ವರ್ಷ ಮುಂದುವರಿಸಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಯಂತ್ರ ಕಟ್ಟುವವನಿಗೆ ಈ ವಿಷಯವನ್ನು ತಿಳಿಸಬೇಕಾದವರು ಯಾರು? ಲೆಕ್ಕಪರಿಶೋಧಕರ, ವಕೀಲರ ನಿತ್ಯ ಒಡನಾಟವಿರುವ ವರ್ತಕರಲ್ಲವೇ?

ಹಾನಗಲ್ಲಿನಲ್ಲಿ ಆಗಬಹುದಾದದ್ದು

ಹೊರಗಿನಿಂದ ಬಂದ ಯಂತ್ರವನ್ನು ಹಾಗೆಯೇ ಒಪ್ಪುವಂತೆಯೂ ಇಲ್ಲ. ಅಣ್ಣಿಗೇರಿ, ನವಲಗುಂದದ ಎರೆ ಭೂಮಿಯಲ್ಲಿ ಸಲೀಸಾಗಿ ನಡೆದ ಕೂರಿಗೆ ಹಾನಗಲ್ಲಿನ ಅರೆಮಲೆನಾಡಿನ ಮಸಾರಿಯಲ್ಲಿಯೂ ಭತ್ತದ ಗದ್ದೆಯಲ್ಲಿಯೂ ಹಾಗೆಯೇ ನಡೆದೀತೆಂಬ ಭರವಸೆಯಿಲ್ಲ. ಜಿಲ್ಲೆಯ ಮುಖ್ಯ ಬೆಳೆಯಾದ ಗೋವಿನಜೋಳಕ್ಕೆ ಹೊಂದುವ ಯಂತ್ರ ಹತ್ತಿಗೆ ಹೊಂದಬೇಕೆಂದಿಲ್ಲ. ಸರ್ಕಾರದ ಸಹಾಯಧನಕ್ಕೆ ಅಧಿಕೃತ ಪರೀಕ್ಷಾ ಕೇಂದ್ರದ ವರದಿ ಬೇಕು; ದಕ್ಷಿಣ ಭಾರತಕ್ಕೆ ಅಂಥ ಕೇಂದ್ರ ಸರ್ಕಾರಿ ಸಂಸ್ಥೆ ಇರುವುದು ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ. ಒಂದೇ ಯಂತ್ರ ಕಟ್ಟಿದವನು ಅಲ್ಲಿಯವರೆಗೆ ಹೋಗುವ ಮುನ್ನ, ಊರಿನಲ್ಲಿಯೇ ಒಂದು ಪ್ರಾಥಮಿಕ ಪರೀಕ್ಷೆ ನಡೆದರೆ ಅವನ ಹಣವೂ ಉಳಿಯುತ್ತದೆ, ಭ್ರಮೆಯೂ ಹರಿಯುತ್ತದೆ.

ಆದುದರಿಂದ ನಾಲ್ಕೂ ತಾಲೂಕುಗಳ ವರ್ತಕರ ಸಂಘಗಳು ಸೇರಿ ವರ್ಷಕ್ಕೊಮ್ಮೆ ಎ.ಪಿ.ಎಂ.ಸಿ. ಪ್ರಾಂಗಣವೊಂದರಲ್ಲಿ ಹೊಸ ಉಪಕರಣಗಳ ಪರೀಕ್ಷಾ ದಿನವನ್ನು ಏರ್ಪಡಿಸುವುದು ಸೂಕ್ತ. ಅದಕ್ಕೆ ಭವ್ಯ ವೇದಿಕೆ, ಉದ್ಘಾಟನೆ ಬೇಕಿಲ್ಲ. ತೋರಿಸುವವನು ಮೊದಲೇ ತಾತ್ಕಾಲಿಕ ಅರ್ಜಿ ಸಲ್ಲಿಸಿರುವಂತೆ ಸಂಘ ನೆರವಾಗಲಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನೂ ಬಾಡಿಗೆಗೆ ಯಂತ್ರ ನಡೆಸುವ ಚಾಲಕರನ್ನೂ ಹೊಲದಲ್ಲಿ ದುಡಿಯುವ ಮಹಿಳೆಯರನ್ನೂ ಪರೀಕ್ಷಕರಾಗಿ ಕೂರಿಸಲಿ. ಗಂಟೆಗೆ ಎಷ್ಟು ಕೆಲಸ, ಎಷ್ಟು ಇಂಧನ, ಕೆಟ್ಟರೆ ರಿಪೇರಿ ಎಲ್ಲಿ, ಕೈಗೆ ಅಪಾಯವಿದೆಯೇ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ದಾಖಲಾಗಲಿ. ಯೋಗ್ಯವೆನಿಸಿದ ಒಂದೆರಡು ಯಂತ್ರಗಳನ್ನು ಕೆಲವು ಅಂಗಡಿಗಳು ಕೂಡಿ, ಮುಂಗಡ ಕೊಟ್ಟು, ಒಂದು ಹಂಗಾಮಿಗೆ ಬಾಡಿಗೆಗೆ ಪಡೆಯಲಿ.

ವರ್ತಕನ ಬಂಡವಾಳ ಪ್ರಯೋಗಕ್ಕಲ್ಲ, ಒಂದು ಹಂಗಾಮು ಕೈಕೊಟ್ಟರೆ ದಲಾಲಿ ಅಂಗಡಿಯ ಉದ್ರಿಯೇ ವಸೂಲಾಗದು ಎಂಬ ಆಕ್ಷೇಪ ಬರಬಹುದು. ಅದು ಅನುಭವದ ಮಾತು. ಆದರೆ ಒಬ್ಬನೇ ಹೊರಲಾಗದ ನಷ್ಟವನ್ನು ಹತ್ತು ಜನ ಹಂಚಿಕೊಂಡರೆ ಅದು ಹಗುರಾಗುತ್ತದೆ ಎಂಬುದೂ ವ್ಯಾಪಾರದ ಅನುಭವವೇ. ಯಂತ್ರ ಸೋತರೆ ಹೋಗುವುದು ಒಂದು ಹಂಗಾಮಿನ ಬಾಡಿಗೆ. ಗೆದ್ದರೆ ಆ ಯಂತ್ರದ ತಯಾರಿಕೆ, ಬಿಡಿಭಾಗ, ರಿಪೇರಿಯ ವ್ಯಾಪಾರವೆಲ್ಲ ಇಲ್ಲಿಯೇ ಉಳಿಯುತ್ತದೆ. ಇಲ್ಲವಾದರೆ ಅದೇ ಯಂತ್ರ ಹೊರರಾಜ್ಯದ ಕಂಪನಿಯೊಂದರ ಬಣ್ಣ ಹಚ್ಚಿಕೊಂಡು ಹೆಚ್ಚಿನ ಬೆಲೆಗೆ ಇಲ್ಲಿನ ಅಂಗಡಿಗಳಿಗೇ ಬರುತ್ತದೆ.

ಪರೀಕ್ಷೆಯಲ್ಲಿ ಸೋತವನಿಗೂ ಇದರಿಂದ ಲಾಭವಿದೆ. ಯಾವ ಗೇರು, ಯಾವ ಅಲಗು ಕೆಲಸಕ್ಕೆ ಬಾರದೆಂದು ತಿಳಿದು ಊರಿಗೆ ಮರಳುವವನು ಮುಂದಿನ ವರ್ಷ ಅದನ್ನು ತಿದ್ದಿ ತರಬಲ್ಲ. ಬರಿಯ ಚಪ್ಪಾಳೆ ಹೊತ್ತು ಮರಳಿದವನಿಗೆ ತಿದ್ದಬೇಕಾದದ್ದು ಏನೆಂಬುದೇ ತಿಳಿದಿರುವುದಿಲ್ಲ. ಮುಂಬರುವ ಹಿಂಗಾರಿನೊಳಗೆ ಹಾನಗಲ್ಲಿನಲ್ಲಿ ಇಂಥ ಮೊದಲ ಪರೀಕ್ಷಾ ದಿನ ನಡೆಯುವಂತೆ ಸಂಘಗಳ ಪದಾಧಿಕಾರಿಗಳು ಈಗಿನಿಂದಲೇ ದಿನಾಂಕ ಗೊತ್ತುಪಡಿಸುವುದು ಒಳಿತು.