ತಾಯಿಗೆ ಬೇಕಾದುದು ನಂಬುವಂಥ ಒಂದು ಮಾತು

ಮಳೆಗಾಲ ಆರಂಭವಾಯಿತೆಂದರೆ ಎಳೆಯ ಮಕ್ಕಳಿರುವ ಮನೆಗಳಲ್ಲಿ ವಾಂತಿಭೇದಿಯ ಭಯವೂ ಆರಂಭವಾಗುತ್ತದೆ. ಆ ಹೊತ್ತಿನಲ್ಲಿ ತಾಯಿಯ ಕಿವಿಗೆ ಬೀಳುವ ಮಾತುಗಳು ಹಲವು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ, ಕೊಡಬೇಡ ಎನ್ನುವವರು ಒಬ್ಬರು. ಹಲ್ಲು ಬರುವಾಗ ಹೀಗಾಗುವುದೇ, ತಾನಾಗಿ ನಿಲ್ಲುತ್ತದೆ ಎನ್ನುವವರು ಇನ್ನೊಬ್ಬರು. ಅಂಗಡಿಯವರು ಭೇದಿ ಕಟ್ಟುವ ಮಾತ್ರೆಯನ್ನು ಕೈಗಿಡುತ್ತಾರೆ. ಮೊಬೈಲಿಗೆ ಬಂದ ಸಂದೇಶ ಮತ್ತೊಂದು ಉಪಾಯವನ್ನು ಹೇಳುತ್ತದೆ. ಮಾತಿಗೆ ಬರವಿಲ್ಲ, ಬರವಿರುವುದು ನಂಬುವಂಥ ಮಾತಿಗೆ.

ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಮೊದಲನೆಯ ಮಾತು. ಭೇದಿಯಿಂದ ಮಗು ಅಸುನೀಗುವುದು ಬಹುಮಟ್ಟಿಗೆ ದೇಹದ ನೀರು ಮತ್ತು ಲವಣಗಳು ಬರಿದಾಗುವುದರಿಂದ. ಹರಿದು ಹೋದುದನ್ನು ತುಂಬಿಕೊಡುವುದೇ ಮೊದಲ ಚಿಕಿತ್ಸೆ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನಡುವೆ, ಬನ್‌ಗಾಂವ್‌ನಲ್ಲಿ, ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಕೊಡುವ ದ್ರವ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಸರಿಯಾದ ತಿಳಿವಳಿಕೆ ಮನೆಯವರ ಕೈಸೇರಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಕಿಲ್ಲ.

ಆದರೆ ಸರಿಯಾದ ಹೆಸರನ್ನೇ ಹೊತ್ತು ಸುಳ್ಳೂ ಬರಬಲ್ಲದು. ಹಲವು ವರ್ಷಗಳ ಕಾಲ ಅಂಗಡಿಗಳಲ್ಲಿ ಸಕ್ಕರೆಯ ಪಾನೀಯಗಳು ಓಆರ್‌ಎಸ್ ಎಂಬ ಹೆಸರನ್ನು ಅಂಟಿಸಿಕೊಂಡು ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಈ ಪಾನೀಯಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಅತಿಯಾದ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳು ಆ ಹೆಸರನ್ನು ಬಳಸದಂತೆ ಆದೇಶಿಸಿತು. ಅಲ್ಲಿಯವರೆಗೆ ಅವುಗಳನ್ನು ಮಗುವಿಗೆ ಕುಡಿಸಿದ ತಾಯಂದಿರನ್ನು ಅಜ್ಞಾನಿಗಳೆಂದು ಕರೆಯಲು ನಮಗೆ ಮನಸ್ಸು ಬಾರದು. ಅವರು ಓದಿಯೇ ಕೊಂಡಿದ್ದರು. ಓದಿದ್ದೇ ಅವರನ್ನು ವಂಚಿಸಿತು.

ಹಾಗಾದರೆ ಯಾರ ಮಾತನ್ನು ನಂಬುವುದು? ಮೂರು ಪ್ರಶ್ನೆಗಳಿಂದ ಮಾತನ್ನು ತೂಗಬಹುದು. ಹೇಳುವವರಿಗೆ ಅದರಿಂದ ಮಾರಾಟದ ಲಾಭವಿದೆಯೇ? ಯಾವಾಗ ಆಸ್ಪತ್ರೆಗೆ ಹೋಗಲೇಬೇಕು ಎಂಬುದನ್ನೂ ಅವರು ಹೇಳುತ್ತಾರೆಯೇ? ನಾಳೆ ಮತ್ತೆ ಬಂದು ಮಗುವನ್ನು ನೋಡುತ್ತಾರೆಯೇ? ಈ ಮೂರರಲ್ಲಿಯೂ ನಿಲ್ಲುವವರು ನಮ್ಮ ಊರಿನಲ್ಲೇ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಮೊದಲ 42 ದಿನಗಳಲ್ಲಿ 6 ಬಾರಿ, ಅನಂತರ 3ನೇ ತಿಂಗಳಿನಿಂದ 15ನೇ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಬರಬೇಕೆಂಬ ನಿಯಮವಿದೆ. ಬಾರದಿದ್ದರೆ ಕೇಳುವುದು ನಮ್ಮ ಹಕ್ಕು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸುವುದು ನಮ್ಮ ತಪ್ಪು. ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿಡದೆ ಮನೆಯವರೆಲ್ಲರೂ ಓದಬೇಕು.

ಅವರಿಂದ ಕಲಿಯಬೇಕಾದುದು ಹೆಚ್ಚೇನಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಬೆರೆಸಬೇಕು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಚಮಚದಿಂದ ಮೆಲ್ಲಮೆಲ್ಲನೆ ಕುಡಿಸಬೇಕು. 24 ಗಂಟೆಗಳ ಬಳಿಕ ಉಳಿದುದನ್ನು ಚೆಲ್ಲಬೇಕು. ಎದೆಹಾಲನ್ನು ನಿಲ್ಲಿಸಬಾರದು. ಆರೋಗ್ಯ ಕೇಂದ್ರದವರು ಕೊಟ್ಟ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಕೊಡಬೇಕು. ಆರು ತಿಂಗಳು ದಾಟಿದ ಮಗುವಿಗೆ ಅಜ್ಜಿ ಕಾಯಿಸುವ ಗಂಜಿಯೂ ಒಳ್ಳೆಯದೇ. ಹಿರಿಯರ ಅನುಭವದಲ್ಲಿ ಉಳಿಸಿಕೊಳ್ಳಬೇಕಾದುದು ಸಾಕಷ್ಟಿದೆ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದಾದರೆ, ಕುಡಿದುದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆಮಾಡಿದರೆ ವಾಹನ ಬರುತ್ತದೆ.

ಆದರೆ ತಿಳಿವಳಿಕೆಯೊಂದೇ ಸಾಲದು. ಮಧ್ಯರಾತ್ರಿಯಲ್ಲಿ ಆಸ್ಪತ್ರೆಗೆ ಹೋಗೋಣವೆಂದು ಹೇಳುವ ಅಧಿಕಾರ ಎಷ್ಟು ಮನೆಗಳ ಸೊಸೆಯಂದಿರಿಗಿದೆ? ಅತ್ತೆಯ ಅಪ್ಪಣೆ, ಗಂಡನ ಜೇಬು, ನೆರೆಯವರ ನಗೆ ಇವನ್ನೆಲ್ಲ ದಾಟಿ ಆಕೆ ಹೊಸ್ತಿಲು ದಾಟಬೇಕಾಗಿದೆ. ಆದುದರಿಂದ ಮಗುವಿನ ಆರೋಗ್ಯದ ಮಾತು ತಂದೆಗೂ ಅಜ್ಜಿಗೂ ತಲುಪಬೇಕೆಂಬುದು ನಮ್ಮ ಆಗ್ರಹ. ತಿಳಿಯದುದನ್ನು ಕೇಳಿದ ತಾಯಿಯನ್ನು ಗದರದ ಮನೆ, ತಡಮಾಡದೆ ಜೊತೆಗೆ ಹೊರಡುವ ಕೈ, ಇವೆರಡೂ ಮಗುವಿಗೆ ಮೊದಲ ಔಷಧ.