ಆರ್ಚಿಯ ಗೆಳೆಯ ಸ್ಟೀವ್
1971ರ ಫೆಬ್ರುವರಿಯಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ‘ಆಲ್ ಇನ್ ದ ಫ್ಯಾಮಿಲಿ’ ಹಾಸ್ಯ ಧಾರಾವಾಹಿಯ ಒಂದು ಕಂತು ದಿಟ್ಟತನಕ್ಕೆ ಇಂದಿಗೂ ಮಾದರಿ. ಅಳಿಯನ ಸ್ನೇಹಿತನೊಬ್ಬನ ನಡೆನುಡಿ ನಾಜೂಕಾಗಿದೆ ಎಂಬ ಒಂದೇ ಕಾರಣಕ್ಕೆ ಮನೆಯ ಯಜಮಾನ ಆರ್ಚಿ ಬಂಕರ್ ಅವನನ್ನು ಸಲಿಂಗಿ ಎಂದು ಹೀಯಾಳಿಸುತ್ತಾನೆ. ಆ ಹುಡುಗ ಸಲಿಂಗಿಯೇ ಅಲ್ಲ. ಆರ್ಚಿ ಗಂಡಸೆಂದರೆ ಇವನಪ್ಪಾ ಎಂದು ಮೆಚ್ಚುವ, ಬಾರಿನಲ್ಲಿ ಜೊತೆಗೆ ಕೂರುವ ಮಾಜಿ ಫುಟ್‌ಬಾಲ್ ಆಟಗಾರ ಸ್ಟೀವ್ ಮಾತ್ರ, ಪಂಜಕುಸ್ತಿಯ ನಡುವೆಯೇ, ತಾನು ಸಲಿಂಗಿ ಎಂಬುದನ್ನು ಶಾಂತವಾಗಿ ಒಪ್ಪಿಕೊಳ್ಳುತ್ತಾನೆ. ನಗು ಯಾರ ಮೇಲೆ ಬೀಳುತ್ತದೆ ನೋಡಿ: ನಂಬಲಾರದೆ ತಡಬಡಾಯಿಸುವ ಆರ್ಚಿಯ ಮೇಲೆ. ಸ್ಟೀವ್‌ನ ಘನತೆಗೆ ಒಂದಿಷ್ಟೂ ಕುಂದಿಲ್ಲ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಹಾಸ್ಯ ಬರೆಯುವವರು ಅದಕ್ಕೂ ಮೊದಲೇ ಮನೆಮನೆಯ ಕೋಣೆಯೊಳಗೆ ಈ ಮಾತು ಆಡಿಬಿಟ್ಟಿದ್ದರು. ಒಳ್ಳೆಯ ಮನುಷ್ಯ ಆರ್ಚಿಯನ್ನು ಮೂರ್ಖನನ್ನಾಗಿ ಮಾಡಿದರೆಂದು ಅಧ್ಯಕ್ಷ ನಿಕ್ಸನ್ ಸಿಡುಕಿದ್ದು ಶ್ವೇತಭವನದ ಧ್ವನಿಮುದ್ರಣದಲ್ಲೇ ಇದೆ. ಅಧಿಕಾರದ ತುದಿಯಲ್ಲಿದ್ದವರನ್ನೂ ಕಾಡಿದ ಆ ನಗೆ ಗುರಿ ಮುಟ್ಟಿತ್ತೆಂದೇ ನನ್ನ ತೀರ್ಮಾನ. ನಾಜೂಕಿನ ನಡಿಗೆಯನ್ನು ಅಣಕಿಸಿ ನಗಿಸುವ ನಮ್ಮ ಕಾಮಿಡಿ ಷೋಗಳ ಬರಹಗಾರರು ದಯವಿಟ್ಟು ಈ ಕಂತನ್ನೊಮ್ಮೆ ನೋಡಲಿ.