ಮಕ್ಕಳ ಅನ್ನಕ್ಕೆ ಹೊಣೆಗಾರರು ಯಾರು?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಪಾಠಶಾಲೆಗಳಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ತಟ್ಟೆ ಹಿಡಿದು ಸಾಲಾಗಿ ಕುಳಿತುಕೊಳ್ಳುವ ಮಕ್ಕಳನ್ನು ನೋಡದ ವಾಚಕರು ವಿರಳ. ಬೇಳೆ ಎಲ್ಲಿಂದ ಬಂದಿತು, ಎಣ್ಣೆಯನ್ನು ಸರಬರಾಯಿ ಮಾಡಿದವರು ಯಾರು ಎಂದು ಆ ಮಕ್ಕಳು ಕೇಳುವುದಿಲ್ಲ; ಕೇಳಬೇಕಾದವರು ನಾವು. ಆ ಅನ್ನದಿಂದ ಒಂದು ಮಗುವಿಗೆ ಕೇಡಾದರೆ ನ್ಯಾಯಸ್ಥಾನದ ಮುಂದೆ ನಿಲ್ಲತಕ್ಕವರು ಯಾರು?

ಕರಾರು ಪತ್ರಕ್ಕೆ ರುಜು ಹಾಕುವವರು ಇಬ್ಬರೇ. ಒಬ್ಬರು ಇಲಾಖೆಯವರು, ಇನ್ನೊಬ್ಬರು ಗುತ್ತಿಗೆದಾರರು. ಉಣ್ಣುವ ಮಗುವಿನ ಹೆಸರು ಅದರಲ್ಲಿಲ್ಲ. ಅನಾಹುತವಾದ ದಿವಸ ಇಲಾಖೆಯವರು ಗುತ್ತಿಗೆದಾರರತ್ತ ಕೈ ತೋರಿಸುತ್ತಾರೆ. ಗುತ್ತಿಗೆದಾರರು ಅಡುಗೆಯವಳತ್ತ ಕೈ ತೋರಿಸುತ್ತಾರೆ. ಅಲ್ಪ ಸಂಭಾವನೆಗೆ ಹೊಗೆ ಕುಡಿಯುವ ಆ ಬಡ ಹೆಂಗಸಿಗೆ ಕೈ ತೋರಿಸಲು ಯಾರೂ ಉಳಿದಿರುವುದಿಲ್ಲ.

ಕರಾರಿನಲ್ಲಿ ಹೆಸರಿಲ್ಲದವರಿಗೆ ಹಕ್ಕಿಲ್ಲವೆಂಬ ವಾದವು ಹಳೆಯದು. ಒಬ್ಬಾಕೆಯು, ಸ್ಕಾಟ್ಲೆಂಡಿನ ಪೇಯ್ಸ್ಲಿ ಪಟ್ಟಣದಲ್ಲಿ 1928ರಲ್ಲಿ ತಾನು ಕುಡಿದ ಶುಂಠಿ ಪಾನೀಯದ ಸೀಸೆಯಲ್ಲಿ ಕೊಳೆತ ಬಸವನಹುಳು ಇತ್ತೆಂದು ತಯಾರಕನ ಮೇಲೆ ದಾವಾ ಹೂಡಿದಳು. ಹಣ ಕೊಟ್ಟವಳು ಆಕೆಯಲ್ಲ, ಆಕೆಯ ಸ್ನೇಹಿತೆ. ಆದರೂ ತಯಾರಕನು ಕೊನೆಗೆ ಸೇವಿಸುವವರ ವಿಷಯದಲ್ಲಿ ಎಚ್ಚರಿಕೆ ವಹಿಸಲು ಬದ್ಧನೆಂದು ಬ್ರಿಟನ್ನಿನ ಲಾರ್ಡ್ಸ್ ಸಭೆಯು 1932ರಲ್ಲಿ ತೀರ್ಮಾನಿಸಿತು. ನಮ್ಮ ಶಾಲೆಯ ಮಗುವಿನ ಸ್ಥಿತಿಯೂ ಇದೇ ಅಲ್ಲವೇ? ಹಣ ಕೊಟ್ಟವರು ಸರ್ಕಾರದವರು, ಉಂಡವರು ಮಕ್ಕಳು.

ನಮ್ಮ ದೇಶದ ಶಾಸನವೂ ಈ ವಿಷಯದಲ್ಲಿ ಮೂಕವಾಗಿಲ್ಲ. 2006ರ ಆಹಾರ ಸುರಕ್ಷತೆಯ ಕಾಯಿದೆಯು ಲಾಭಕ್ಕಾಗಿಯಾಗಲಿ ಧರ್ಮಾರ್ಥವಾಗಿಯಾಗಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಹಾರ ಒದಗಿಸುವ ಸಕಲ ಸಂಸ್ಥೆಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಪುಣ್ಯಕಾರ್ಯ ಮಾಡುತ್ತಿದ್ದೇವೆಂಬ ಮಾತು ಅಲ್ಲಿ ರಕ್ಷೆಯಾಗದು. ಅದರ 65ನೆಯ ಪ್ರಕರಣದಂತೆ ಮರಣ ಸಂಭವಿಸಿದರೆ 5 ಲಕ್ಷ ರೂಪಾಯಿಗೆ ಕಡಮೆಯಿಲ್ಲದಂತೆ ಪರಿಹಾರ ಕೊಡಬೇಕು. ತತ್ಕಾಲದ ನೆರವು 30 ದಿನಗಳೊಳಗಾಗಿ ವಾರಸುದಾರರ ಕೈ ಸೇರಬೇಕು. ತೀವ್ರ ಹಾನಿಗೆ 3 ಲಕ್ಷದ, ಇತರ ಹಾನಿಗೆ 1 ಲಕ್ಷದ ಮಿತಿಯಿದೆ. ಮಗುವಿನ ದೇಹಕ್ಕೆ ಇಂಥ ಮಿತಿಯನ್ನು ಗೊತ್ತುಮಾಡಿದವರ ಲೆಕ್ಕಾಚಾರವು ನಮಗೆ ಅರ್ಥವಾಗದು. 59ನೆಯ ಪ್ರಕರಣದಲ್ಲಿ, ಅಪಾಯಕರ ಆಹಾರದಿಂದ ಸಾವುಂಟಾದರೆ 7 ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವಿದೆ.

ಹೀಗಿರಲು ಕೊರತೆ ಇರುವುದೆಲ್ಲಿ? ಹೊಣೆಗಾರರನ್ನು ಗುರುತಿಸುವುದರಲ್ಲಿ. ಅಂಗನವಾಡಿಗಳ ಪೌಷ್ಟಿಕ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಕೂಡದು, ಗ್ರಾಮದ ಮಹಿಳಾ ಮಂಡಲಗಳಿಗೂ ಸ್ವಸಹಾಯ ಸಂಘಗಳಿಗೂ ಆದ್ಯತೆ ಸಲ್ಲಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2004ರ ಅಕ್ಟೋಬರಿನಲ್ಲಿಯೇ ಆಜ್ಞಾಪಿಸಿತ್ತು. ಆದರೆ ಕರ್ನಾಟಕದಲ್ಲಿ ಮಹಿಳಾ ಸಂಘಗಳ ಫಲಕದ ಹಿಂದೆ ಖಾಸಗಿ ಕಂಪನಿಯೊಂದರ ಹಿಡಿತವಿದೆಯೆಂದು ಆ ನ್ಯಾಯಾಲಯವು ನೇಮಿಸಿದ ಆಯುಕ್ತರೇ 2012ರಲ್ಲಿ ಆಕ್ಷೇಪಿಸಬೇಕಾಯಿತು. ಫಲಕದಲ್ಲಿ ಒಂದು ಹೆಸರು, ಲಾಭದಲ್ಲಿ ಇನ್ನೊಂದು ಹೆಸರು ಎಂದಾದರೆ ನೊಂದ ತಂದೆತಾಯಿಗಳು ಯಾರ ಬಾಗಿಲು ತಟ್ಟಬೇಕು?

ಸರ್ಕಾರದವರಾದರೂ ಗುತ್ತಿಗೆ ಕೊಟ್ಟ ಮಾತ್ರಕ್ಕೆ ಋಣಮುಕ್ತರಾಗುವುದಿಲ್ಲ. 2013ರ ಆಹಾರ ಭದ್ರತೆಯ ಕಾಯಿದೆಯು ಈ ಊಟವನ್ನು ಮಗುವಿನ ಹಕ್ಕನ್ನಾಗಿ ಮಾಡಿದೆ. ಕೆಲಸವನ್ನು ಬೇರೊಬ್ಬರಿಗೆ ವಹಿಸಬಹುದು, ಕರ್ತವ್ಯವನ್ನು ವಹಿಸಲಾಗದು. ಬಡಿಸುವ ಮೊದಲು ಉಪಾಧ್ಯಾಯರು ರುಚಿ ನೋಡಬೇಕೆಂಬ ನಿಯಮವು ಒಳ್ಳೆಯದೇ. ಆದರೆ ಅವರ ನಾಲಗೆಯೊಂದನ್ನೇ ನಂಬಿ ಮೇಲಿನವರು ನಿಶ್ಚಿಂತರಾಗಿರುವುದು ಉಚಿತವಲ್ಲ.

ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಕುಳಿತಿರುವ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಜಿಲ್ಲೆಯಲ್ಲಿ ಮಕ್ಕಳ ಆಹಾರಕ್ಕಾಗಿ ಸರಬರಾಯಿಯ ಕರಾರು ಬರೆಯುವಾಗಲೆಲ್ಲ, ಮಗುವಿಗೆ ಹಾನಿಯಾದರೆ ಇಲಾಖೆಯೂ ಗುತ್ತಿಗೆದಾರರೂ ಜಂಟಿಯಾಗಿ ಹೊಣೆಯೆಂಬ ಷರತ್ತನ್ನು ಸ್ಪಷ್ಟವಾಗಿ ನಮೂದಿಸಲಿ. ಪರಿಹಾರದ ಮೊಬಲಗಿಗೆ ಮುಂಗಡ ಠೇವಣಿಯನ್ನಾಗಲಿ ವಿಮೆಯನ್ನಾಗಲಿ ಪಡೆಯಲಿ. ಕರಾರಿನ ಕನ್ನಡ ಪ್ರತಿಯನ್ನು, ಒದಗಿಸುವವರ ನಿಜವಾದ ಹೆಸರಿನೊಡನೆ, ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಹಚ್ಚಿಸಲಿ.